ಲಾರಿ ಕ್ಯಾಬಿನ್ನಿನ ಗಟ್ಟಿ ಪಿಯು ಪೇಂಟಿಗೆ ಪಾಲಿಶ್: ಮಂಡ್ಯದ ಶೆಡ್ಡಿನಿಂದ ಕೆಲಸದ ದಾಖಲೆ

ಗಾಡಿ ಹನ್ನೆರಡು ಚಕ್ರದ ಲಾರಿ. ಬೆಲ್ಲ ಹೇರಿಕೊಂಡು ದೂರದೂರಕ್ಕೆ ಓಡುತ್ತದೆ. ಕ್ಯಾಬಿನ್ ಕಡುನೀಲಿ, ಮೆಟಾಲಿಕ್ ಅಲ್ಲ, ಸಾಲಿಡ್ ಬಣ್ಣ. ನಾಲ್ಕು ವರ್ಷದ ಹಿಂದೆ ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಮುಂಚೆ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟ್ ಹೊಡೆಸಿದ್ದು. ನೆರಳಲ್ಲಿ ನೋಡಿದರೆ ಬಣ್ಣ ಚೆನ್ನಾಗಿಯೇ ಇದೆ. ಬಿಸಿಲಿಗೆ ತಂದ ಕೂಡಲೇ ಬೂದು ಮುಸುಕು ಹಾಕಿದ ಹಾಗೆ ಕಾಣುತ್ತದೆ: ಸ್ವರ್ಲ್ (ಸುತ್ತು ಸುತ್ತಾದ ಸಣ್ಣ) ಗೀರು, ಬೋರ್ ನೀರಿನ ಚುಕ್ಕೆ, ಪೂಜೆಯ ನಿಂಬೆರಸ ಇಳಿದ ಗೆರೆ. ಮಾಲೀಕರಿಗೆ ಮತ್ತೆ ಪೇಂಟ್ ಹೊಡೆಸಲು 48,000 ರೂಪಾಯಿ ಹೇಳಿದ್ದರು. ಅದರ ಮೇಲೆ ಗಾಡಿ ನಿಂತಷ್ಟು ದಿನದ ಬಾಡಿಗೆಯೂ ಹೋಗುತ್ತದೆ.

ಪೇಂಟ್ ಇನ್ನೂ ಗಟ್ಟಿಯಾಗಿದೆ, ಮೇಲ್ಮೈ ಮಾತ್ರ ಹಾಳಾಗಿದೆ ಅಂತ ನನಗೆ ಅನಿಸಿತು. ಮಾಲೀಕರು ಒಪ್ಪಲಿಲ್ಲ. "ಪಾಲಿಶು ಅಂದ್ರೆ ಎರಡು ಸಲ ತೊಳುದ್ರೆ ಹೊಂಟೋಯ್ತದೆ ಕಣಪ್ಪ, ಹೋದ್ಸಲವೂ ಅಂಗೇ ಆಯ್ತು" ಅಂದರು. ಅವರ ಮಾತು ನಿಜ. ಎಣ್ಣೆ, ಮೇಣ ತುಂಬಿದ ಪಾಲಿಶ್ ಗೀರನ್ನು ಮುಚ್ಚುತ್ತದೆಯೇ ಹೊರತು ತೆಗೆಯುವುದಿಲ್ಲ. ಸ್ಪಿರಿಟ್ ಹಾಕಿ ಒರೆಸಿದರೆ ಆ ಎಣ್ಣೆ ಹೋಗಿ ಗೀರು ಮತ್ತೆ ಕಾಣುತ್ತದೆ. "ಒಂದು ಚೌಕ ಮಾಡಿ, ಸ್ಪಿರಿಟ್ ಹಾಕಿ ಒರೆಸಿ ತೋರಿಸ್ತೀನಿ ಅಣ್ಣ. ಆಮೇಲೂ ಗೀರು ಕಾಣಿಸಿದ್ರೆ ದುಡ್ಡು ಬೇಡ" ಅಂದೆ. ಕೆಲಸ ಶುರುವಾದದ್ದು ಆ ಮಾತಿನ ಮೇಲೆ.

ಕಾರುಗಳಿಗೆ ಪಾಲಿಶ್ ಮಾಡಿ ಅಭ್ಯಾಸ ಇದ್ದವರು ಲಾರಿಗೆ ಕೈ ಹಾಕುವುದಾದರೆ ಮುಂದಿನ ವಿವರ ಉಪಯೋಗಕ್ಕೆ ಬರುತ್ತದೆ ಅಂತ ಬರೆದಿಡುತ್ತಿದ್ದೇನೆ.

1. ಪೇಂಟ್ ಯಾವುದು, ಎಷ್ಟು ದಪ್ಪ

ಬಾಗಿಲು ತೆರೆದು, ಮೆಟ್ಟಿಲ ಹತ್ತಿರ ಯಾರಿಗೂ ಕಾಣದ ಜಾಗದಲ್ಲಿ ಬಿಳಿ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಉಜ್ಜಿದೆ. ಎನಾಮಲ್ ಅಥವಾ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಆಗಿದ್ದರೆ ಮೆತ್ತಗಾಗಿ ಬಟ್ಟೆಗೆ ಬಣ್ಣ ಹತ್ತುತ್ತಿತ್ತು. ಇಲ್ಲಿ ಏನೂ ಹತ್ತಲಿಲ್ಲ. ಹಾರ್ಡ್ನರ್ ಬೆರೆಸಿ ಹೊಡೆದ ಟೂ-ಕೆ ಪೇಂಟೇ ಅಂತ ಖಾತ್ರಿಯಾಯಿತು. ಆಮೇಲೆ ಅದೇ ಜಾಗದಲ್ಲಿ ಬಟ್ಟೆಗೆ ಒಂದು ಹನಿ ಕಂಪೌಂಡ್ (ಪೇಂಟನ್ನು ತೆಳುವಾಗಿ ಸವೆಸುವ ಪೇಸ್ಟ್) ಹಾಕಿ ಕೈಯಲ್ಲೇ ತಿಕ್ಕಿದೆ. ಬಟ್ಟೆ ನೀಲಿಯಾಯಿತು. ಅಂದರೆ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇಲ್ಲ, ಬಣ್ಣವೇ ಮೇಲ್ಪದರ. ಇದು ಮೊದಲೇ ಗೊತ್ತಿರಬೇಕು. ಇಲ್ಲದಿದ್ದರೆ ಪ್ಯಾಡ್ ನೀಲಿಯಾದಾಗ ಪೇಂಟ್ ಕಿತ್ತು ಬರುತ್ತಿದೆ ಅಂತ ಗಾಬರಿಯಾಗುತ್ತದೆ.

ಪೇಂಟಿನ ದಪ್ಪ ತೋರಿಸುವ ಗೇಜ್ ಇಟ್ಟು ಅಳೆದದ್ದು ಹೀಗಿದೆ. ಬಾಗಿಲಿನ ನಡುವೆ 190ರಿಂದ 230 ಮೈಕ್ರಾನ್. ವಿಂಡ್‌ಶೀಲ್ಡ್ ಕೆಳಗಿನ ಮುಂಭಾಗದಲ್ಲಿ 170ರಿಂದ 200. ಬಾಗಿಲ ಅಂಚು ಮತ್ತು ಕ್ಯಾಬಿನ್ ಮೂಲೆಯ ಏಣುಗಳಲ್ಲಿ 95ರಿಂದ 110. ಎಡ ಬಾಗಿಲ ಕೆಳಗೆ ಒಂದು ಕಡೆ ಗೇಜ್ 700 ದಾಟಿತು. ಅದು ಹಳೆಯ ಟಿಂಕರಿಂಗ್ ಮೇಲೆ ಮೆತ್ತಿದ ಪುಟ್ಟಿ, ಅಲ್ಲಿಗೆ ವಾಟರ್ ಪೇಪರ್ ಬೇಡ ಅಂತ ಟೇಪ್ ಅಂಟಿಸಿ ಗುರುತು ಮಾಡಿದೆ. ಬಂಪರ್, ಮೇಲಿನ ವೈಸರ್, ಮೂಲೆಯ ಗಾಳಿ ತಟ್ಟೆಗಳು ಫೈಬರ್. ಅಲ್ಲಿ ಈ ಗೇಜ್ ಓದುವುದೇ ಇಲ್ಲ, ಹಾಗಾಗಿ ಅವಕ್ಕೆ ಬೇರೆ ಲೆಕ್ಕ.

ನನ್ನ ಗೇಜ್ ಎರಡು ಮೂರು ಮೈಕ್ರಾನ್ ಆಚೀಚೆ ತೋರಿಸುತ್ತದೆ. ಒಂದು ಸುತ್ತು ಕಂಪೌಂಡ್ ತೆಗೆಯುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಪ್ರತಿ ಸುತ್ತಿಗೂ ಗೇಜ್ ಇಟ್ಟು ನೆಮ್ಮದಿಪಡುವುದರಲ್ಲಿ ಅರ್ಥವಿಲ್ಲ. ಎಲ್ಲಿ ತೆಳುವಾಗಿದೆ, ಎಲ್ಲಿ ಪುಟ್ಟಿ ಇದೆ ಅಂತ ಮೊದಲೇ ಹೇಳುವುದೇ ಅದರ ಕೆಲಸ.

2. ತೊಳೆತ

ಲಾರಿಯ ಕೊಳೆ ಕಾರಿನ ಕೊಳೆಯಲ್ಲ. ವಾಟರ್ ಸರ್ವಿಸ್‌ನಲ್ಲಿ ಡೀಸೆಲ್ ಸಿಂಪಡಿಸಿ ತೊಳೆದ ಜಿಡ್ಡು, ಅದರ ಮೇಲೆ ಧೂಳು, ಅದರ ಮೇಲೆ ಮತ್ತೆ ಜಿಡ್ಡು. ಕೆಳಗಿನ ಅರ್ಧಕ್ಕೆ ಡಿಗ್ರೀಸರ್ ಹೊಡೆದು, ಒಣಗಲು ಬಿಡದೆ, ಪ್ರೆಶರ್ ನೀರಲ್ಲಿ ಕೆಳಗಿನಿಂದ ಮೇಲಕ್ಕೆ ತೊಳೆದೆವು. ಅದಕ್ಕೂ ಮುಂಚೆ ಮಾಡಬೇಕಾದ ಕೆಲಸ ಒಂದಿದೆ: ಕ್ಯಾಬಿನ್ ಹಿಂದಿರುವ ಏರ್ ಇನ್‌ಟೇಕ್ ಬಾಯಿಗೆ ಪಾಲಿಥೀನ್ ಕಟ್ಟುವುದು. ಅದರೊಳಗೆ ನೀರು ಹೋದರೆ ಏರ್ ಫಿಲ್ಟರ್‌ಗೆ ಪೆಟ್ಟು, ಇಂಜಿನ್‌ಗೂ ಒಳ್ಳೆಯದಲ್ಲ. ಪಾಲಿಥೀನ್ ಕಟ್ಟಿದ ಮೇಲೆ ಕೀಲಿಯನ್ನು ನಾನೇ ಇಟ್ಟುಕೊಂಡೆ. ಬಿಚ್ಚುವ ತನಕ ಯಾರೂ ಸ್ಟಾರ್ಟ್ ಮಾಡುವಂತಿಲ್ಲ.

ಡಾಂಬರು ಚುಕ್ಕೆಗೆ ಸೀಮೆಎಣ್ಣೆ ಸಾಕಾಯಿತು. ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಒತ್ತಿ ಹಿಡಿದರೆ ಕರಗುತ್ತದೆ, ಉಜ್ಜಬೇಕಾಗಿಲ್ಲ. ಬ್ರೇಕ್ ಧೂಳು ಕೂತಿದ್ದ ಗಾಲಿ ಮೇಲಿನ ಭಾಗಕ್ಕೆ ಐರನ್ ರಿಮೂವರ್ ಹೊಡೆದಾಗ ನೇರಳೆ ಬಣ್ಣ ಧಾರೆಯಾಗಿ ಇಳಿಯಿತು. ವಾಸನೆ ತಡೆಯಲಾಗದು, ಶೆಡ್ಡಿನ ಬಾಗಿಲು ತೆಗೆದಿಟ್ಟುಕೊಂಡೇ ಮಾಡಿ.

ಕೊನೆಯಲ್ಲಿ ಕ್ಲೇ, ಅಂದರೆ ಪೇಂಟಿಗೆ ಅಂಟಿದ ಸಣ್ಣ ಕೊಳೆಯನ್ನು ಎತ್ತುವ ಮೆದು ಜೇಡಿ. ಇಡೀ ಕ್ಯಾಬಿನ್ನಿಗೆ ಕ್ಲೇ ಉಂಡೆ ಹಿಡಿದರೆ ಬೆರಳು ಸತ್ತುಹೋಗುತ್ತವೆ. ಕ್ಲೇ ಟವೆಲ್ ವಾಸಿ, ಕೆಳಗೆ ಬಿದ್ದರೂ ತೊಳೆದು ಮತ್ತೆ ಬಳಸಬಹುದು.

ಒಣಗಿಸಿದ ಮೇಲೆ ಕ್ಯಾಬಿನ್ನಿನ ನಿಜ ಸ್ಥಿತಿ ಕಂಡಿತು. ಗೀರುಗಳು ಬರೀ ಸುತ್ತು ಸುತ್ತಾಗಿ ಇರಲಿಲ್ಲ. ಬಾಗಿಲ ನಡುವೆ ಕೈಯಳತೆಯಲ್ಲಿ ಅಡ್ಡಡ್ಡಲಾಗಿ ನೇರ ಗೀರುಗಳಿದ್ದವು. ಕ್ಲೀನರ್ ಹುಡುಗ ಬೆಳಗ್ಗೆ ಎದ್ದು ಒಣ ಬನಿಯನ್ ವೇಸ್ಟ್‌ನಲ್ಲಿ ಧೂಳು ಒರೆಸುತ್ತಾನೆ, ಅವನ ಕೈ ಎಟುಕುವಷ್ಟು ಎತ್ತರದಲ್ಲೇ ಗೀರು. ಅದಕ್ಕಿಂತ ಮೇಲೆ ಪೇಂಟ್ ಎಷ್ಟೋ ವಾಸಿ.

3. ಪರೀಕ್ಷೆಯ ಚೌಕಗಳು

ಬಲ ಬಾಗಿಲ ಕೆಳಗಿನ ಅರ್ಧದಲ್ಲಿ ಟೇಪ್ ಹಚ್ಚಿ 40 ಸೆಂಟಿಮೀಟರಿನ ನಾಲ್ಕು ಚೌಕ ಮಾಡಿಕೊಂಡೆ. ಪ್ರತಿ ಚೌಕವನ್ನೂ ಮುಗಿಸಿದ ಮೇಲೆ ಅರ್ಧ ನೀರು ಅರ್ಧ ಐಸೊಪ್ರೊಪೈಲ್ ಆಲ್ಕೋಹಾಲ್ (ನಾನು ಸ್ಪಿರಿಟ್ ಅನ್ನುವುದು ಇದನ್ನೇ) ಬೆರೆಸಿ ಒರೆಸಿ, ಟಾರ್ಚ್ ಹಾಕಿ ನೋಡುವುದು ಅಂತ ನಿಯಮ.

ಮೊದಲ ಚೌಕಕ್ಕೆ ಡಿಎ ಮಷಿನ್ (ಪ್ಯಾಡ್ ತಿರುಗುತ್ತಲೇ 15 ಮಿಲಿಮೀಟರ್ ಓಲಾಡುವಂಥದ್ದು), ಫೋಮ್ ಕಟಿಂಗ್ ಪ್ಯಾಡ್, ಮಧ್ಯಮ ಕಂಪೌಂಡ್. ಕಾರಿನಲ್ಲಿ ಬಹುಪಾಲು ಕೆಲಸ ಇದರಲ್ಲೇ ಮುಗಿಯುತ್ತದೆ. ಇಲ್ಲಿ ಹೊಳಪು ಬಂತು, ಸ್ಪಿರಿಟ್ ಒರೆಸಿದ ಕೂಡಲೇ ಗೀರುಗಳೆಲ್ಲ ಇದ್ದಲ್ಲೇ ಇದ್ದವು.

ಎರಡನೆಯದಕ್ಕೆ ಅದೇ ಮಷಿನ್, ಮೈಕ್ರೋಫೈಬರ್ ಪ್ಯಾಡ್, ಹೆವಿ ಕಟ್ ಕಂಪೌಂಡ್. ಗೀರು ಅರ್ಧಕ್ಕರ್ಧ ಹೋಯಿತು. ಆದರೆ ಪ್ಯಾಡ್ ಬಿಸಿಯಾಗಿ, ವೆಲ್ಕ್ರೋ ಪದರ ಬಿಟ್ಟುಕೊಂಡಿತು. 900 ರೂಪಾಯಿಯ ಪ್ಯಾಡ್ ಒಂದು ಬಾಗಿಲನ್ನೂ ಮುಗಿಸಲಿಲ್ಲ.

ಮೂರನೆಯದಕ್ಕೆ ರೋಟರಿ (ಓಲಾಡದೆ ಒಂದೇ ಸಮ ತಿರುಗುವ ಮಷಿನ್), 180 ಮಿಲಿಮೀಟರ್ ಹುರಿ ಉಣ್ಣೆಯ ಪ್ಯಾಡ್, ಅದೇ ಹೆವಿ ಕಟ್, 1,500 ಆರ್‌ಪಿಎಂ. ಸ್ವರ್ಲ್ ಪೂರ್ತಿ ಹೋಯಿತು, ನೇರ ಗೀರಿನಲ್ಲಿ ಆಳವಾದವು ಮಾತ್ರ ಉಳಿದವು. ಉಣ್ಣೆಯ ಹಾಲೋಗ್ರಾಂ (ಬೆಳಕಿಗೆ ಅಲುಗಿದಂತೆ ಕಾಣುವ ಸಣ್ಣ ಗೀರಿನ ಗುರುತು) ಎದ್ದು ಕಾಣುತ್ತಿತ್ತು, ಅದನ್ನು ಆಮೇಲೆ ನೋಡಿಕೊಳ್ಳಬಹುದು.

ನಾಲ್ಕನೆಯದಕ್ಕೆ ಮೊದಲು 3000 ಗ್ರಿಟ್‌ನ (ತುಂಬ ನುಣುಪಾಗಿ ಉಜ್ಜುವ) ಫೋಮ್ ಡಿಸ್ಕ್ ನೀರು ಹಾಕಿ ಡಿಎಯಲ್ಲಿ, ಆಮೇಲೆ ಉಣ್ಣೆ. ನೀರಿನ ಚುಕ್ಕೆ ತಿಂದ ಗುಳಿ ಕೂಡ ಹೋಗಿ ಸಪಾಟಾಯಿತು. ಅಚ್ಚರಿ ಅಂದರೆ ಮೂರನೆಯ ಚೌಕಕ್ಕಿಂತ ಇದಕ್ಕೆ ಸಮಯ ಕಡಿಮೆ ಹಿಡಿಯಿತು. ಡಿಸ್ಕ್ ಬಿಡುವ ಗೀರು ಒಂದೇ ಸಮ ಇರುವುದರಿಂದ ಉಣ್ಣೆ ಅದನ್ನು ಬೇಗ ಎತ್ತುತ್ತದೆ. ಹಳೆಯ ಗೀರು ಒಂದೊಂದು ಒಂದೊಂದು ಆಳ, ಅದರ ಹಿಂದೆ ಉಣ್ಣೆ ಹಿಡಿದು ಓಡುವುದರಲ್ಲಿ ಕಂಪೌಂಡೂ ದಂಡ, ಸಮಯವೂ ದಂಡ.

ಮಾಲೀಕರು ಬಂದು ಸ್ಪಿರಿಟ್ ಬಟ್ಟೆಯನ್ನು ತಾವೇ ತೆಗೆದುಕೊಂಡು ಆ ಚೌಕವನ್ನು ಚೆನ್ನಾಗಿ ತಿಕ್ಕಿದರು. "ಮಾಡು ಕಣಪ್ಪ" ಅಂದರು.

ರೇಟು ಹೇಳುವುದು ಈ ಚೌಕಗಳಾದ ಮೇಲೆಯೇ ಆಗಬೇಕು. ಗಾಡಿ ನೋಡಿ ಕಣ್ಣಂದಾಜಲ್ಲಿ ರೇಟು ಹೇಳಿದರೆ ಗಟ್ಟಿ ಪೇಂಟಿನಲ್ಲಿ ಖಂಡಿತ ನಷ್ಟ.

4. ಅಕ್ಷರ, ರೇಡಿಯಂ, ಕುಂಕುಮ

ವಿಂಡ್‌ಶೀಲ್ಡ್ ಮೇಲೆ ದೇವರ ಹೆಸರು, ಬಾಗಿಲ ಮೇಲೆ ಮಾಲೀಕರ ಹೆಸರು ಮತ್ತು ಊರು, ಎರಡೂ ಕಡೆ ಬಳ್ಳಿ ಹೂವು. ಎಲ್ಲವೂ ಕೈಯಲ್ಲಿ ಬರೆದದ್ದು, ಎನಾಮಲ್ ಬಣ್ಣ. ಕೆಳಗಿನ ಪಿಯು ಎಷ್ಟು ಗಟ್ಟಿಯೋ ಮೇಲಿನ ಎನಾಮಲ್ ಅಷ್ಟೇ ಮೆದು. ಉಣ್ಣೆ ಒಂದು ಸಲ ತಾಗಿದರೆ ಅಕ್ಷರ ಹೋಯಿತು. ಅಷ್ಟು ಚೆಂದ ಬರೆಯುವ ಕೈಗಳು ಈಗ ಸುಲಭಕ್ಕೆ ಸಿಗುವುದಿಲ್ಲ, ಎಲ್ಲರೂ ಸ್ಟಿಕ್ಕರ್ ಕಡೆ ಹೋಗಿದ್ದಾರೆ. ಆ ಅಕ್ಷರಗಳನ್ನು ಉಳಿಸುವುದು ನನಗೆ ಹೊಳಪಿಗಿಂತ ಮುಖ್ಯವಾಗಿತ್ತು. ಪ್ರತಿ ಅಕ್ಷರದ ಸುತ್ತ 6 ಮಿಲಿಮೀಟರ್ ಫೈನ್‌ಲೈನ್ ಟೇಪ್, ಅದರ ಮೇಲೆ ಅಗಲದ ಮಾಸ್ಕಿಂಗ್ ಟೇಪ್. ಅಕ್ಷರದ ನಡುವಿನ ಸಂದುಗಳನ್ನು ಕೈಯಲ್ಲೇ, ಬೆರಳಿಗೆ ಫೋಮ್ ತುಂಡು ಸುತ್ತಿ ಮಾಡಿದ್ದು. ಬಳ್ಳಿ ಹೂವಿನ ಸುತ್ತ ಒಂದು ಬೆರಳಷ್ಟು ಜಾಗ ಹಾಗೇ ಬಿಟ್ಟೆ. ನಿಂತು ನೋಡಿದರೆ ಗೊತ್ತಾಗುವುದಿಲ್ಲ.

ಪ್ರತಿಫಲಿಸುವ ರೇಡಿಯಂ ಪಟ್ಟಿಗಳಿಗೂ ಹಾಗೆಯೇ. ಕಂಪೌಂಡ್ ತಾಗಿದರೆ ಅದರ ಮೇಲ್ಮೈ ಮಂಕಾಗುತ್ತದೆ, ರಾತ್ರಿ ಬೆಳಕಿಗೆ ಸರಿಯಾಗಿ ಹೊಳೆಯುವುದಿಲ್ಲ, ಎಫ್‌ಸಿಯಲ್ಲಿ ತಕರಾರು ಬರುತ್ತದೆ. ಗ್ರಿಲ್ಲಿನ ಕಪ್ಪು ಪ್ಲಾಸ್ಟಿಕ್, ವೈಪರ್ ಬುಡ, ಬಾಗಿಲ ರಬ್ಬರ್ ಎಲ್ಲಕ್ಕೂ ಟೇಪ್. ಕಂಪೌಂಡ್ ಸಿಡಿದು ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಒಣಗಿದರೆ ಬಿಳಿ ಕಲೆ ತೆಗೆಯುವುದೇ ಇನ್ನೊಂದು ಕೆಲಸ.

ಪೂಜೆಯ ಗುರುತುಗಳ ಬಗ್ಗೆ ಒಂದು ಮಾತು. ಅರಿಶಿನದ ಹಳದಿ ಬಿಸಿಲಿಗೆ ತಾನೇ ಹೋಗುತ್ತದೆ, ಅದರ ಹಿಂದೆ ಬೀಳಬೇಡಿ. ಕುಂಕುಮ ಕೂತ ಜಾಗ ಮಾತ್ರ ಕೆಂಪಗೆ ಉಳಿದಿತ್ತು, ಉಣ್ಣೆಗೆ ಬಂತು. ನಿಂಬೆಹಣ್ಣು ಕಟ್ಟಿದ ಜಾಗದಿಂದ ರಸ ಇಳಿದಲ್ಲಿ ಪೇಂಟ್ ಕೊರೆದಿತ್ತು. ಅದಕ್ಕೆ 2000 ಗ್ರಿಟ್, ಆಮೇಲೆ 3000 ಹಿಡಿಯಲೇಬೇಕಾಯಿತು.

5. ಕಟಿಂಗ್: ಪ್ಯಾಡ್ ಶುಚಿಯೇ ಅರ್ಧ ಕೆಲಸ

ಗಾಲಿಗೆ ಕಲ್ಲು ಕೊಟ್ಟು, ಕ್ಯಾಬಿನ್ ಲಾಕ್ ನೋಡಿ, ಚಕ್ರವಿರುವ ಕಬ್ಬಿಣದ ಸಾರ್ವೆ ಬಾಡಿಗೆಗೆ ತಂದೆವು. ಏಣಿ ಮೇಲೆ ನಿಂತು ರೋಟರಿ ಹಿಡಿಯುವುದು ಅಪಾಯ. ಮಷಿನ್ ಎಳೆದರೆ ಹಿಡಿದುಕೊಳ್ಳಲು ಕೈಯಿರುವುದಿಲ್ಲ. ಸಾರ್ವೆಯ ಹಲಗೆ ಎತ್ತರವನ್ನು ಕೆಲಸದ ಜಾಗ ಎದೆ ಮಟ್ಟಕ್ಕೆ ಬರುವ ಹಾಗೆ ಇಟ್ಟುಕೊಳ್ಳಿ. ತಲೆಗಿಂತ ಮೇಲೆ ಕೈ ಎತ್ತಿ ಮಾಡಿದ ಪಾಲಿಶ್ ಸಮನಾಗಿ ಬರುವುದಿಲ್ಲ.

ಎಡ ಬಾಗಿಲಿನಿಂದ ಶುರು. ಮೊದಲ ಎರಡು ಮೂರು ಚೌಕ ಸಲೀಸಾಗಿ ಹೋದವು. ಆಮೇಲೆ ಕಟ್ ಕಡಿಮೆಯಾಯಿತು. ಕಂಪೌಂಡ್ ಜಾಸ್ತಿ ಹಾಕಿದರೂ ಇಲ್ಲ, ಒತ್ತಿದರೂ ಇಲ್ಲ, 1,800ಕ್ಕೆ ಏರಿಸಿದರೆ ಪೇಂಟ್ ಬಿಸಿಯಾಯಿತೇ ಹೊರತು ಗೀರು ಹೋಗಲಿಲ್ಲ. ಇನ್‌ಫ್ರಾರೆಡ್ ಥರ್ಮಾಮೀಟರ್ 60 ಡಿಗ್ರಿ ತೋರಿಸಿತು. ನಾನು ಇಟ್ಟುಕೊಂಡ ಮಿತಿ 50. ನಿಲ್ಲಿಸಿ ಪ್ಯಾಡ್ ತಿರುಗಿಸಿ ನೋಡಿದರೆ ಉಣ್ಣೆಯ ತುದಿಗಳೆಲ್ಲ ನೀಲಿ ಪೇಂಟ್ ಪುಡಿ ಮತ್ತು ಒಣಗಿದ ಕಂಪೌಂಡ್ ಕಟ್ಟಿ ಗಡಸಾಗಿದ್ದವು.

ಕ್ಲಿಯರ್ ಕೋಟ್ ಇಲ್ಲದ ಗಟ್ಟಿ ಪೇಂಟಿನ ತೊಂದರೆ ಇದೇ. ತೆಗೆದ ಪೇಂಟ್ ಎಲ್ಲ ಉಣ್ಣೆಯಲ್ಲೇ ಕೂರುತ್ತದೆ, ಆಮೇಲೆ ಪ್ಯಾಡ್ ಜಾರುತ್ತದೆ. ಅಲ್ಲಿಂದ ಕ್ರಮ ಬದಲಾಯಿಸಿದೆ. ಪ್ರತಿ ಚೌಕಕ್ಕೂ ಸ್ಪರ್ (ಹಲ್ಲಿನ ಚಕ್ರ) ಎಳೆದು ಉಣ್ಣೆ ಬಿಡಿಸುವುದು, ಕಂಪ್ರೆಸರ್ ಗಾಳಿ ಹಿಡಿದು ಪುಡಿ ಊದುವುದು, ಎರಡು ಪ್ಯಾಡ್ ಅದಲು ಬದಲು. ಒಂದು ಪ್ಯಾಡ್ ತಣ್ಣಗಾಗುತ್ತಿರುವಾಗ ಇನ್ನೊಂದು ಕೆಲಸದಲ್ಲಿ. ಮಧ್ಯಾಹ್ನ ಎರಡನ್ನೂ ಸೋಪು ನೀರಲ್ಲಿ ತೊಳೆದು ಒಣಗಿಸುವುದು. ಕಂಪೌಂಡ್ ಚೌಕಕ್ಕೆ ಕಡಲೆಕಾಳಿನಷ್ಟು ನಾಲ್ಕು ಹನಿ, ಅದಕ್ಕಿಂತ ಜಾಸ್ತಿ ಬೇಡ.

ಅದೇ ಕಂಪೌಂಡ್, ಅದೇ ಮಷಿನ್, 1,500ರಲ್ಲೇ, ಕಟ್ ಮೊದಲಿನಷ್ಟೇ ವಾಪಸ್ ಬಂತು. ಗಟ್ಟಿ ಪೇಂಟ್ ಎಂದ ಕೂಡಲೇ ಇನ್ನೂ ಖಾರವಾದ ಕಂಪೌಂಡ್ ಹುಡುಕಿ ಮೈಸೂರು, ಬೆಂಗಳೂರು ಅಂತ ಅಲೆಯುವವರಿದ್ದಾರೆ. ಅದಕ್ಕೂ ಮುಂಚೆ ಪ್ಯಾಡ್ ಊದಿ ನೋಡಿ ಅನ್ನುವುದು ನನ್ನ ಗಟ್ಟಿಯಾದ ಸಲಹೆ. ಒಂದು ಬಾಗಿಲಿಗೆ ಮೊದಲು ಮೂರೂವರೆ ಗಂಟೆ ಹಿಡಿದದ್ದು, ಈ ಕ್ರಮದಲ್ಲಿ ಎರಡು ಗಂಟೆಗೆ ಇಳಿಯಿತು. ಪ್ಯಾಡ್ ಶುಚಿ ಮಾಡಲು ಹಿಡಿದ ಸಮಯವೂ ಅದರಲ್ಲೇ ಸೇರಿದೆ.

ಅಂಚು, ಏಣುಗಳಿಗೆಲ್ಲ ಟೇಪ್ ಹಾಕಿ, ಉಣ್ಣೆ ತಾಗಿಸದೆ, ಕೊನೆಗೆ 75 ಮಿಲಿಮೀಟರಿನ ಸಣ್ಣ ಡಿಎಯಲ್ಲಿ ಮಾಡಿದೆ. 95 ಮೈಕ್ರಾನ್ ಇದ್ದ ಜಾಗದಲ್ಲಿ ಸ್ವಲ್ಪ ಗೀರು ಉಳಿದರೂ ಪರವಾಗಿಲ್ಲ. ಫೈಬರ್ ಮೂಲೆ ತಟ್ಟೆಗಳಲ್ಲಿ 1,000 ಆರ್‌ಪಿಎಂ ದಾಟಲಿಲ್ಲ. ತಗಡು ಬಿಸಿಯನ್ನು ಹರಡಿಬಿಡುತ್ತದೆ, ಫೈಬರ್ ಉಜ್ಜಿದ ಜಾಗದಲ್ಲೇ ಹಿಡಿದಿಟ್ಟುಕೊಳ್ಳುತ್ತದೆ.

ವೋಲ್ಟೇಜ್ ಬಗ್ಗೆಯೂ ಹೇಳಬೇಕು. ಸಂಜೆ ಶೆಡ್ಡಿನಲ್ಲಿ 190ಕ್ಕೆ ಇಳಿದಾಗ 1,200 ವಾಟಿನ ರೋಟರಿ ಒತ್ತಿದ ಕೂಡಲೇ ನಿಧಾನವಾಗುತ್ತಿತ್ತು. ಹಾಗಾಗಿ ಕಟಿಂಗ್ ಬೆಳಗ್ಗೆ, ಟೇಪಿಂಗ್ ಮತ್ತು ಕೈಕೆಲಸ ಸಂಜೆ. ವೈರ್ 2.5 ಸ್ಕ್ವೇರ್ ಎಂಎಂ ತಾಮ್ರದ್ದೇ ಹಾಕಿ, ನೆಲ ಒದ್ದೆ ಇರುವುದರಿಂದ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇರುವ ಬೋರ್ಡಿನಿಂದಲೇ ಎಳೆಯಿರಿ.

6. ನೀರಿನ ಚುಕ್ಕೆ

ನಮ್ಮ ಕಡೆ ಬೋರ್ ನೀರು ಗಡಸು. ಬಿಸಿಲಲ್ಲಿ ತೊಳೆದು ಹಾಗೇ ಬಿಟ್ಟರೆ ಬಿಳಿ ಸುಣ್ಣದ ಉಂಗುರ ನಿಲ್ಲುತ್ತದೆ. ಮೇಲೆ ಕೂತದ್ದು ಹೋಗಲು ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಒಂದೆರಡು ನಿಮಿಷ ಹೊದಿಸಿ, ತೊಳೆದೆ. ಮುಕ್ಕಾಲು ಪಾಲು ಹೋಯಿತು. ಉಗುರಿಗೆ ಸಿಗದಿದ್ದರೂ ಕಣ್ಣಿಗೆ ಕಾಣುವ ಉಂಗುರಗಳು ಪೇಂಟನ್ನು ತಿಂದಿರುವವು, ಅವು ಹೋಗಲು 3000ರ ಡಿಸ್ಕೇ ಬೇಕು. ಮುಂಭಾಗದಲ್ಲಿ, ವೈಪರ್ ಕೆಳಗೆ, ಇವು ಹೆಚ್ಚು. ಡಿಸ್ಕ್ ಹಿಡಿಯುವಾಗ ನೀರಿಗೆ ಒಂದೆರಡು ಹನಿ ಶಾಂಪೂ ಹಾಕಿಕೊಳ್ಳಿ, ಪುಡಿ ಕಟ್ಟುವುದಿಲ್ಲ. ನೀಲಿ ಹಾಲಿನಂತೆ ನೀರು ಇಳಿಯುತ್ತಿರಬೇಕು. ಎಲ್ಲಾದರೂ ಪ್ರೈಮರ್‌ನ ಬೂದು ಬಣ್ಣ ಕಂಡರೆ ಅಲ್ಲಿಗೆ ನಿಲ್ಲಿಸಿ.

7. ಹಾಲೋಗ್ರಾಂ ತೆಗೆಯುವುದು, ನಡುವೆ ಬಂದ ಬೂದಿ

ಉಣ್ಣೆ ಬಿಟ್ಟ ಹಾಲೋಗ್ರಾಂಗೆ ಮೊದಲು ಮೆದು ಫಿನಿಶಿಂಗ್ ಫೋಮ್, ಫೈನ್ ಪಾಲಿಶ್ ಹಿಡಿದೆ. ಮೆತ್ತಗಿನ ಪೇಂಟಿನಲ್ಲಿ ಇದೇ ಸರಿ. ಇಲ್ಲಿ ಹೊಳಪು ಏರಿತು, ಹಾಲೋಗ್ರಾಂ ಮಾತ್ರ ಟಾರ್ಚ್ ಬೆಳಕಿಗೆ ಇನ್ನೂ ಅಲುಗುತ್ತಿತ್ತು. ಒಂದು ಹಂತ ಗಟ್ಟಿಯ ಮಧ್ಯಮ ಫೋಮ್, ಅದೇ ಫೈನ್ ಪಾಲಿಶ್, ಡಿಎ ವೇಗ ನಾಲ್ಕೂವರೆ, ಕೈ ನಿಧಾನ. ಆಗ ಪೂರ್ತಿ ಹೋಯಿತು. ಗಟ್ಟಿ ಪೇಂಟಿನ ಒಂದು ಒಳ್ಳೆಯ ಗುಣ ಅಂದರೆ ಮಧ್ಯಮ ಫೋಮ್ ಕೂಡ ಅದರ ಮೇಲೆ ಮಬ್ಬು ಬಿಡುವುದಿಲ್ಲ. ಕಟಿಂಗ್‌ನಲ್ಲಿ ಸತಾಯಿಸಿದ್ದನ್ನು ಫಿನಿಶಿಂಗ್‌ನಲ್ಲಿ ತೀರಿಸುತ್ತದೆ.

ಆದರೆ ಬಲ ಬಾಗಿಲಿನಲ್ಲಿ, ಮುಗಿದ ಜಾಗದಲ್ಲೇ, ಹೊಸದಾಗಿ ಕೂದಲೆಳೆಯಂಥ ಗೀರುಗಳು ಕಾಣಿಸಿಕೊಂಡವು. ಪ್ಯಾಡ್ ಬದಲಾಯಿಸಿದೆ, ಟವೆಲ್ ಬದಲಾಯಿಸಿದೆ, ಮತ್ತೆ ಬಂದವು. ಕಾರಣ ಶೆಡ್ಡಿನ ಹೊರಗಿತ್ತು. ಗಾಳಿ ಬೀಸುವ ದಿಕ್ಕಿನಲ್ಲಿ ಆಲೆಮನೆ ಇದೆ, ಕಬ್ಬಿನ ಸಿಪ್ಪೆ ಉರಿಸಿದ ಬೂದಿ ಕಪ್ಪು ಚೂರಾಗಿ ಹಾರಿಬಂದು ಕ್ಯಾಬಿನ್ ಮೇಲೆ ಕೂರುತ್ತಿತ್ತು. ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಹೆಚ್ಚು, ಅಂದರೆ ನುಣ್ಣನೆಯ ಮರಳೇ. ಅದರ ಮೇಲೆ ಟವೆಲ್ ಎಳೆದರೆ ಗೀರು ಬೀಳದೆ ಇರುತ್ತದೆಯೇ. ಆ ಕಡೆಗೆ ಟಾರ್ಪಾಲ್ ಕಟ್ಟಿ, ನೆಲಕ್ಕೆ ನೀರು ಹಾಕಿ, ಪ್ರತಿ ಸಲ ಒರೆಸುವ ಮುಂಚೆ ಗಾಳಿ ಊದಿದ ಮೇಲೆ ನಿಂತಿತು. ಮಂಡ್ಯ, ಪಾಂಡವಪುರ, ಮದ್ದೂರು ಕಡೆ ಶೆಡ್ ಇಟ್ಟವರು ಕಬ್ಬು ಅರೆಯುವ ಕಾಲದಲ್ಲಿ ಇದನ್ನು ನೆನಪಿಟ್ಟುಕೊಳ್ಳಿ.

8. ಮೇಲಿನ ರಕ್ಷಣೆ, ಖರ್ಚು

ಸೆರಾಮಿಕ್ ಕೋಟಿಂಗ್ ಮಾಡಲಿಲ್ಲ. ಅದು ಕೂರುವ ತನಕ ನೀರು, ಧೂಳು ತಾಗಬಾರದು. ಬೂದಿ ಹಾರುವ ಜಾಗದಲ್ಲಿ, ಲೋಡಿಗೆ ಕಾಯುತ್ತಿರುವ ಗಾಡಿಗೆ ಅದು ಹೊಂದುವುದಿಲ್ಲ. ಪಾಲಿಮರ್ ಸೀಲಂಟ್ ತೆಳುವಾಗಿ ಹಚ್ಚಿ, ಮಬ್ಬಾದ ಮೇಲೆ ಒರೆಸಿದೆ.

ಖರ್ಚು ಹೀಗೆ. ಉಣ್ಣೆ ಪ್ಯಾಡ್ ಎರಡಕ್ಕೆ 1,500, ಕೈಕೊಟ್ಟ ಮೈಕ್ರೋಫೈಬರ್ ಪ್ಯಾಡ್ 900, ಫೋಮ್ ಎರಡಕ್ಕೆ 1,300, 3000ರ ಡಿಸ್ಕ್ ನಾಲ್ಕಕ್ಕೆ 1,120. ಹೆವಿ ಕಟ್ ಒಂದು ಲೀಟರ್ 2,600, ಫೈನ್ ಪಾಲಿಶ್ 1,100, ಸೀಲಂಟ್ 850. ಕ್ಲೇ ಟವೆಲ್ 900, ಐರನ್ ರಿಮೂವರ್ 700, ಆಲ್ಕೋಹಾಲ್ 300, ಟೇಪ್ ಮತ್ತು ಕಾಗದ 420, ಸಾರ್ವೆ ಬಾಡಿಗೆ 1,200. ಒಟ್ಟು 12,890. ಸಹಾಯಕ್ಕೆ ಬಂದ ಹುಡುಗನಿಗೆ ದಿನಕ್ಕೆ 800 ಬೇರೆ. ಅರ್ಧ ಕಂಪೌಂಡ್, ಫೋಮ್‌ಗಳು, ಕ್ಲೇ ಟವೆಲ್ ಮುಂದಿನ ಗಾಡಿಗೆ ಉಳಿದಿವೆ. ನಾನು ತೆಗೆದುಕೊಂಡದ್ದು 22,000. ಇದಕ್ಕಿಂತ ಕಡಿಮೆಗೆ ಇಷ್ಟು ದೊಡ್ಡ ಕ್ಯಾಬಿನ್ನನ್ನು, ಪೇಂಟ್ ಗಟ್ಟಿಯಿದ್ದಾಗ, ಸರಿಯಾಗಿ ಮಾಡಲಾಗದು.

9. ಉಳಿದದ್ದು

ಬಾಗಿಲಿನ ಆಳದ ನೇರ ಗೀರುಗಳಲ್ಲಿ ಕೆಲವು ಉಳಿದಿವೆ. ತೆಗೆಯಲು ಹೋದರೆ ಪೇಂಟಿನ ಆಯಸ್ಸು ಹೋಗುತ್ತದೆ, ಹತ್ತಿರ ಹೋಗಿ ಹುಡುಕಿದರಷ್ಟೇ ಕಾಣುತ್ತವೆ, ಬಿಟ್ಟೆ. ಕ್ಯಾಬಿನ್ ಹಿಂಭಾಗಕ್ಕೆ ಮಷಿನ್ ಹಚ್ಚಲೇ ಇಲ್ಲ. ಅಲ್ಲಿಗೆ ಬರೀ ತೊಳೆತ ಮತ್ತು ಸೀಲಂಟ್.

ಕ್ಲೀನರ್ ಹುಡುಗನಿಗೆ ಎರಡು ಮೈಕ್ರೋಫೈಬರ್ ಬಟ್ಟೆ, ಒಂದು ಶಾಂಪೂ ಬಾಟಲಿ ಕೊಟ್ಟು, ಒಣ ಧೂಳಿನ ಮೇಲೆ ಬಟ್ಟೆ ಹಾಕಬೇಡ, ಮೊದಲು ನೀರು ಹೊಡಿ ಅಂತ ತೋರಿಸಿಕೊಟ್ಟೆ. "ನಾಲೇಲಿ ತೊಳೀಬೋದಾಣ್ಣಾ?" ಅಂತ ಕೇಳಿದ. ನಾಲೆಯ ನೀರಲ್ಲಿ ಬೋರ್ ನೀರಿನಷ್ಟು ಸುಣ್ಣ ಇರುವುದಿಲ್ಲ, ಆದರೆ ಏರಿಯ ಮರಳು ಬಕೆಟ್ಟಿಗೆ ಬರುತ್ತದೆ, ಡೀಸೆಲ್ ಜಿಡ್ಡೆಲ್ಲ ಗದ್ದೆಗೆ ಹೋಗುತ್ತದೆ. ಬೇಡ ಅಂದೆ. ಶೆಡ್ಡಿಗೆ ತಂದು ತೊಳೆದುಕೊಳ್ಳಲಿ, ಅದಕ್ಕೆ ದುಡ್ಡಿಲ್ಲ.

ಬಂಪರ್ ಮತ್ತು ಮೇಲಿನ ವೈಸರ್ ಬಾಕಿ. ಫೈಬರ್ ಮೇಲೆ ಬಣ್ಣ ಎಷ್ಟಿದೆ ಅಂತ ಅಳೆಯಲಾಗದ ಕಾರಣ 2000 ಹಿಡಿಯುವುದಿಲ್ಲ, 3000ರಿಂದ ಶುರುಮಾಡಿ ಮಧ್ಯಮ ಫೋಮ್‌ನಲ್ಲೇ ಮುಗಿಸುವ ಯೋಚನೆ. ಗಾಡಿ ಟ್ರಿಪ್ ಮುಗಿಸಿ ಬಂದಾಗ ವೈಸರ್ ಬಿಚ್ಚಿ ಕೆಳಗಿಳಿಸಿಯೇ ಮಾಡುತ್ತೇನೆ. ಬೋಲ್ಟುಗಳಿಗೆ ಈಗಲೇ ಎಣ್ಣೆ ಬಿಟ್ಟು ಕಳಿಸಿದ್ದೇನೆ.